ಒಂಬತ್ತನೆಯವನು

ನ್ಯಾಯ ಹೇಳುವುದು ಬಹು ಸುಲಭವೆಂದು ನಾನು ನಂಬಿದ್ದ ಕಾಲವೊಂದಿತ್ತು. ಅದು 1959ನೆಯ ಇಸವಿ. ನನಗಾಗ ಹದಿನಾರು ವರ್ಷ. ಧಾರವಾಡದ ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ಮುಂಬಯಿಯಲ್ಲಿ ನಾನಾವತಿ ಮೊಕದ್ದಮೆ ನಡೆದಿತ್ತು. ತನ್ನ ಹೆಂಡತಿಯೊಡನೆ ಸಂಬಂಧವಿದ್ದ ಪ್ರೇಮ್ ಆಹುಜಾ ಎಂಬವನನ್ನು ನೌಕಾದಳದ ಈ ಅಧಿಕಾರಿ ಗುಂಡಿಟ್ಟು ಕೊಂದನೆಂಬುದು ಆಪಾದನೆ. ಪತ್ರಿಕೆ ಬಂದೊಡನೆ ಅದರ ಹಾಳೆಗಳು ನಾಲ್ಕು ಕೋಣೆಗಳಿಗೆ ಹಂಚಿಹೋಗುತ್ತಿದ್ದವು. ಬೀಜಗಣಿತದಲ್ಲಿ ಮುಗ್ಗರಿಸುತ್ತಿದ್ದವರೂ ಮೂರು ಗುಂಡುಗಳ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಿದ್ದರು.

ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ಆತ ನಿರಪರಾಧಿ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಒಪ್ಪದ ಆ ಒಬ್ಬ ಯಾರೋ ಮೊಂಡನಿರಬೇಕೆಂದು ನಕ್ಕೆವು.

ಮುಂದೆ ಕೆಲವೇ ದಿನಗಳಲ್ಲಿ ನಮ್ಮ ಮುಂದಾಳಿನಂತಿದ್ದ ಹುಡುಗನ ಫೌಂಟನ್ ಪೆನ್ನು ಕಾಣೆಯಾಯಿತು. ನಾವೂ ಒಂಬತ್ತು ಜನರ ಜ್ಯೂರಿ ಮಾಡಿದೆವು. ಅದರಲ್ಲಿ ನಾನೂ ಒಬ್ಬ. ಆಪಾದಿತನೆಂದರೆ, ಶುಲ್ಕ ಕೊಡಲಾರದೆ ಊಟಕ್ಕೆ ಬಡಿಸಿ ಓದುತ್ತಿದ್ದವನು. ಅವನ ವಿರುದ್ಧ ಇದ್ದ ಸಾಕ್ಷ್ಯವೆಲ್ಲ ಅವನ ಬಡತನ.

“ಅವತ್ತ ಸಂಜಿಮುಂದ ನಾ ಇವನ ಜೋಡಿ ಬಾವಿಕಟ್ಟಿ ಮ್ಯಾಲ ಕೂತು ಲೆಕ್ಕ ಬಿಡಸ್ತಿದ್ದೆ. ಬೇಕಾದ್ರ ಕೇಳ್ರಿ,” ಎಂದು ನನ್ನ ಕಡೆ ಕೈತೋರಿಸಿದ.

ಅವನು ಹೇಳಿದ್ದು ನಿಜ. ಎಂಟು ಮುಖಗಳು ನನ್ನತ್ತ ತಿರುಗಿದವು. ನಾನು “ನೆನಪಿಲ್ಲ” ಎಂದೆ. ಆಮೇಲೆ ಒಂಬತ್ತು ಕೈಗಳು ಮೇಲೆದ್ದವು. ವಾರದೊಳಗೆ ಅವನು ಟ್ರಂಕು ಹೊತ್ತು ಊರಿಗೆ ಹೋದ. ಸಂಕ್ರಾಂತಿಯ ಹೊತ್ತಿಗೆ ಪೆನ್ನು ಸಿಕ್ಕಿತು. ಜೇಬಿನ ತೂತಿನಿಂದ ಜಾರಿ ಯಜಮಾನನ ಕೋಟಿನ ಅಸ್ತರಿನಲ್ಲೇ ಕುಳಿತಿತ್ತು. ಅವನಿಗೊಂದು ಕಾಗದ ಬರೆಯೋಣವೆಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮುಂದೆ ಜ್ಯೂರಿಯ ವಿಷಯ ಎಲ್ಲಿ ಕಂಡರೂ ಓದುವ ಚಟ ಹತ್ತಿತು. 1670ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರನ ವಿಚಾರಣೆಯಾದಾಗ, ಬೇಕಾದ ತೀರ್ಪು ಕೊಡಲಿಲ್ಲವೆಂದು ಹನ್ನೆರಡು ಜನ ಪಂಚರನ್ನು ಅನ್ನ, ನೀರು, ಬೆಂಕಿಯಿಲ್ಲದೆ ಎರಡು ರಾತ್ರಿ ಕೂಡಿಹಾಕಿದರಂತೆ. ಅವರು ಬಗ್ಗಲಿಲ್ಲ. ದಂಡ ತೆರಲೊಪ್ಪದೆ ಬುಷೆಲ್ ಎಂಬವನು ಸೆರೆಮನೆಗೂ ಹೋದ. ಕೊಟ್ಟ ತೀರ್ಪಿಗಾಗಿ ಪಂಚರನ್ನು ಶಿಕ್ಷಿಸಕೂಡದೆಂಬ ನಿಯಮ ಸ್ಥಿರವಾದದ್ದು ಅವನ ದೂರಿನಿಂದಲೇ. ಮುಂಬಯಿಯಲ್ಲಿ 1908ರಲ್ಲಿ ಲೋಕಮಾನ್ಯ ತಿಲಕರನ್ನು ಏಳು ಜನ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ತಿಲಕರು ಆರು ವರ್ಷ ಮಂಡಾಲೆಯ ಸೆರೆಗೆ ಹೋದರು. ಆ ಇಬ್ಬರಿಂದ ಅವರ ಶಿಕ್ಷೆ ತಪ್ಪಲಿಲ್ಲ. ಆದರೆ ಒಂಬತ್ತೂ ಕೈ ಎದ್ದವೆಂಬ ಮಾತು ಮಾತ್ರ ತಪ್ಪಿತು.

ನಾನಾವತಿಯ ಜ್ಯೂರಿಯ ಮಾತನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು; 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಾವು ನಕ್ಕಿದ್ದ ಆ ಮೊಂಡನೇ ಕಡೆಗೆ ಸರಿಯಾದ. ಜ್ಯೂರಿ ಬೇಡವೆಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು. 1974ರಲ್ಲಿ ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಎಡೆಯೇ ಸಿಗಲಿಲ್ಲ. ಪತ್ರಿಕೆಯ ಗದ್ದಲಕ್ಕೂ ಮಂದಿಯ ಮೆಚ್ಚುಗೆಗೂ ಸೋಲುವ ಪಂಚರಿಗಿಂತ ಕಾನೂನು ಬಲ್ಲ ಒಬ್ಬ ನ್ಯಾಯಾಧೀಶ ಲೇಸು ಎನ್ನುವವರೊಡನೆ ನಾನು ವಾದಿಸಲಾರೆ. ನಾನೇ ಸೋತವನು.

ಆದರೆ ಕೋರ್ಟಿನಿಂದ ಹೋದ ಜ್ಯೂರಿ ನಮ್ಮ ಜಗಲಿಯಿಂದ ಹೋಗಿಲ್ಲ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ಯಾರದೋ ಮಗಳ, ಯಾರದೋ ಆಳಿನ ವಿಚಾರಣೆ ದಿನವೂ ನಡೆಯುತ್ತದೆ. ಹತ್ತು ಜನ ಹೋದದ್ದೇ ದಾರಿ ಎನ್ನುತ್ತಾರೆ ಹಿರಿಯರು. ಆ ದಾರಿಯಲ್ಲಿ ನಾನೂ ಒಮ್ಮೆ ಹೋಗಿ ಬಂದಿದ್ದೇನೆ. ಅಂದು ನನ್ನಿಂದ ಯಾರೂ ನ್ಯಾಯಶಾಸ್ತ್ರ ಕೇಳಿರಲಿಲ್ಲ. “ಹೌದು, ನಾವಿಬ್ಬರೂ ಬಾವಿಕಟ್ಟೆಯ ಮೇಲಿದ್ದೆವು,” ಎಂಬ ಒಂದು ಮಾತು ಸಾಕಾಗಿತ್ತು.