ಗಟ್ಟಿ ತಗಡು ಸಿಗುವವರೆಗೆ

ಮೆಟಡಾರ್ ವ್ಯಾನಿನ ಬಾಗಿಲ ಕೆಳ ಅಂಚಿನಲ್ಲಿ ಬಣ್ಣ ಒಂದಿಷ್ಟೇ ಉಬ್ಬಿ ನಿಂತಿದ್ದರೂ ಸಾಕು, ಒಳಗಡೆ ಅಂಗೈಯಗಲದ ತಗಡು ಹೋಗಿದೆ ಅಂತಲೇ ಲೆಕ್ಕ. ಹೊರಗೆ ಕಾಣುವ ಗುಳ್ಳೆ ತುಕ್ಕಿನ ಕೊನೆಯ ಸುದ್ದಿ. ಬಾಗಿಲು ಅಂದರೆ ಎರಡು ತಗಡಿನ ನಡುವೆ ಒಂದು ಪೊಳ್ಳು. ಗಾಜಿನ ರಬ್ಬರ್ ಸಂದಿಯಲ್ಲಿ ಇಳಿದ ಮಳೆನೀರು ಹೊರಗೆ ಹೋಗಲಿ ಅಂತ ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನಮ್ಮ ಕಡೆಯ ಕೆಂಪುಮಣ್ಣಿನ ಧೂಳು, ಮಾವಿನಕಾಯಿಯ ಕೆಳಗೆ ಹಾಸಿದ ಹುಲ್ಲಿನ ಚೂರು ಎಲ್ಲ ಸೇರಿ ಆ ತೂತುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಒಳಗೆ ಕೂತ ಹಸಿಮಣ್ಣು ತಿಂಗಳುಗಟ್ಟಲೆ ಆರುವುದಿಲ್ಲ. ತುಕ್ಕಿಗೆ ಅದು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಅದಕ್ಕೇ ಎರಡು ತಗಡು ಕೂಡುವ ಕಡೆ ಅದು ನಡುವೆ ನುಗ್ಗಿ ಎರಡನ್ನೂ ಬಿಡಿಸಿ ಉಬ್ಬಿಸುತ್ತದೆ.

ಆ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತಗಡನ್ನು ಕೈಯಲ್ಲೇ ಬಡಿದು ಕೂಡಿಸುವ ಕೆಲಸ ನನ್ನ ಭಾನುವಾರಗಳನ್ನು ತುಂಬಿಕೊಂಡಿದೆ. ನನಗೆ ಇಷ್ಟು ಹಿಡಿಸಿದ ಕೆಲಸ ಇನ್ನೊಂದಿಲ್ಲ. ಶ್ರೀನಿವಾಸಪುರದ ರಸ್ತೆಯ ಪಕ್ಕ, ಮಾಲೂರು ಹೆಂಚು ಹೊದಿಸಿದ ಒಂದು ಕೊಟ್ಟಿಗೆ. ಅದರೊಳಗೆ ನಮ್ಮ ಮನೆಯವರು ಮಾವಿನ ಮಂಡಿ ನಡೆಸುತ್ತಿದ್ದ ಕಾಲದ ಮೆಟಡಾರ್. ಎಂಜಿನ್ ಕೆಲಸ ಬಲ್ಲವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಮೈಯ ತಗಡನ್ನು ಬಲ್ಲವರು ಕಡಿಮೆ, ಆಸೆಪಟ್ಟು ಕಲಿಯುವವರು ಇನ್ನೂ ಕಡಿಮೆ.

ಈ ವ್ಯಾನಿನ ಮೂಲ ಜರ್ಮನಿಯ ಹ್ಯಾಂಬರ್ಗ್. ಅಲ್ಲಿನ ಟೆಂಪೋ ಕಂಪನಿ 1949ರಲ್ಲೇ ಮೆಟಡಾರ್ ಹೆಸರಿನ ಗಾಡಿ ಮಾಡಿತ್ತು. ನಮ್ಮಲ್ಲಿ 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಮೊದಲು ಮೂರು ಚಕ್ರದ ಹ್ಯಾನ್ಸಿಯಾಟ್ ತಂದು, 1969ರಲ್ಲಿ ಮೆಟಡಾರ್ ಇಳಿಸಿತು. ಪುಣೆ ಹತ್ತಿರದ ಆಕುರ್ಡಿಯಲ್ಲಿ ತಯಾರಾಗಿ ಬಂದ ಆ ಚಪ್ಪಟೆ ಮೂತಿಯ ಗಾಡಿ ಕೋಲಾರ ಜಿಲ್ಲೆಯಲ್ಲಿ ಹೊರದ ಹೊರೆಯೇ ಇರಲಿಲ್ಲ. ಎಂಬತ್ತರ ದಶಕದಲ್ಲಿ ಮರ್ಸಿಡಿಸ್ ಪರವಾನಗಿಯ ಓಎಂ 616 ಡೀಸೆಲ್ ಎಂಜಿನ್ ಬಂದ ಮೇಲಂತೂ ಮಂಡಿಗಳಲ್ಲಿ ಅದರದ್ದೇ ಸದ್ದು. ಬೇಸಿಗೆಯಲ್ಲಿ ಶ್ರೀನಿವಾಸಪುರದ ಬಾದಾಮಿ, ಬೇನಿಷಾ, ತೋತಾಪುರಿ. ಮಿಕ್ಕ ತಿಂಗಳುಗಳಲ್ಲಿ ಕೋಲಾರದ ಎಪಿಎಂಸಿಗೆ ಟೊಮ್ಯಾಟೊ, ಮಾಲೂರಿನ ಹೂವು, ಆಲೂಗಡ್ಡೆ. ಮದುವೆ ದಿಬ್ಬಣ ಹೊತ್ತುಕೊಂಡು ಕುರುಡುಮಲೆಗೆ ಹೋಗಿ ಬಂದದ್ದೂ ಅದೇ. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಮೆಟಡಾರ್ ತಯಾರಿ ಅದಕ್ಕೂ ಮೊದಲೇ ನಿಂತಿತ್ತು. ಎಂಜಿನ್ನಿನ ಬಿಡಿಭಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಈಗಲೂ ಸಿಗಬಹುದು. ಬಾಗಿಲಿನ ಕೆಳಪಟ್ಟಿ, ಚಕ್ರದ ಮೇಲಿನ ಕಮಾನು, ಮೆಟ್ಟಿಲ ತಗಡು ಬೇಕೆಂದರೆ ನಾವೇ ಮಾಡಿಕೊಳ್ಳಬೇಕು.

ಕೋಲಾರಕ್ಕೆ ಕಡಲ ಗಾಳಿಯಿಲ್ಲ, ವರ್ಷವಿಡೀ ಹರಿಯುವ ನದಿಯಿಲ್ಲ, ಮಳೆಯೂ ಅಷ್ಟಕ್ಕಷ್ಟೆ. ಮಂಗಳೂರಿನ ಉಪ್ಪುಗಾಳಿಗೆ ಸಿಕ್ಕಿದ್ದರೆ ನಮ್ಮ ವ್ಯಾನು ಎಂದೋ ಮಣ್ಣಾಗುತ್ತಿತ್ತು. ಒಣನೆಲ ಅದರ ಚಾವಣಿಯನ್ನು, ಪಕ್ಕದ ದೊಡ್ಡ ತಗಡುಗಳನ್ನು ಉಳಿಸಿಕೊಟ್ಟಿದೆ. ಹೋಗಿರುವುದೆಲ್ಲ ಕೆಳಗೆ. ಒಡೆದ ಟೊಮ್ಯಾಟೊ, ನಜ್ಜಿದ ಮಾವಿನಕಾಯಿ ಎರಡರ ರಸವೂ ಹುಳಿ, ಅಂದರೆ ಆಮ್ಲ. ಅದು ಕ್ರೇಟಿನಿಂದ ತೊಟ್ಟಿಕ್ಕಿ ನೆಲದ ರಬ್ಬರ್ ಹಾಸಿನ ಅಡಿಗೆ ಸೇರುತ್ತದೆ. ಸಂಜೆ ಒಂದು ಬಕೆಟ್ ನೀರು ಹಾಕಿ ತೊಳೆದರೆ ಹಾಸಿನ ಮೇಲೆ ಶುದ್ಧ, ಅಡಿಯಲ್ಲಿ ಹುಳಿನೀರು. ಬ್ಯಾಟರಿ ಕೂರಿಸುವ ತಟ್ಟೆಯ ಕಥೆಯೂ ಇದೇ.

ಇಂಥ ತಗಡಿನ ಮೇಲೆ ಪುಟ್ಟಿ ಬಳಿಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ, ಹೋಗುವ ಹಿಂದಿನ ದಿನ ತೂತಿನೊಳಗೆ ಗೋಣಿತಾಟು ತುರುಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸಿದ ಕೆಲಸವನ್ನು ನಮ್ಮ ವ್ಯಾನಿನಲ್ಲೇ ಬಿಚ್ಚಿದ್ದೇನೆ. ಆ ಗೋಣಿ ನೀರು ಕುಡಿದು, ಸುತ್ತ ಇನ್ನೂ ಗಟ್ಟಿಯಾಗಿದ್ದ ತಗಡನ್ನೂ ತಿಂದಿತ್ತು. ನಯಮಾಡಿದ ತಗಡಿನ ಮೇಲೆ ಕಾಗದದಷ್ಟು ತೆಳ್ಳಗೆ ಎಳೆಯುವುದಕ್ಕೆ ಪುಟ್ಟಿ ಬೇಕು. ತಗಡಿಲ್ಲದ ಕಡೆ ಪುಟ್ಟಿಗೆ ಕೆಲಸವಿಲ್ಲ.

ನನ್ನ ಕೆಲಸ ಶುರುವಾಗುವುದು ಕಿವಿಯಿಂದ. ಚಿಕ್ಕ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ಪೊಳ್ಳಾದದ್ದು ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದ ಗುರುತು. ಆಮೇಲೆ ಮಂಡಿಯಲ್ಲಿ ಮೂಟೆ ಹೊಲಿಯುವ ದಬ್ಬಳದಿಂದ ಚುಚ್ಚಿ ನೋಡುತ್ತೇನೆ. ಮೊನೆ ಒಳಕ್ಕೆ ಹೋದರೆ ಆ ಜಾಗ ಹೋಯಿತು, ಹೋಗದಿದ್ದರೆ ಇನ್ನೊಂದು ಬೆರಳು ಹಿಂದಕ್ಕೆ ಬಂದು ಚುಚ್ಚುವುದು. ಗಟ್ಟಿ ತಗಡು ಎಲ್ಲಿಂದ ಶುರು ಅನ್ನುವ ಆ ಗೆರೆಯನ್ನು ಹುಡುಕುವುದರಲ್ಲೇ ಅರ್ಧ ಬುದ್ಧಿವಂತಿಕೆಯಿದೆ. ಜಿಪುಣತನ ಮಾಡಿದರೆ ವೆಲ್ಡಿಂಗ್ ಕಾವಿಗೆ ಅಂಚು ಕರಗಿ ತೂತಾಗುತ್ತದೆ. ಧಾರಾಳವಾಗಿ ಕತ್ತರಿಸಿದರೆ ಆಕುರ್ಡಿಯ ಪ್ರೆಸ್ಸಿನಲ್ಲಿ ಒತ್ತಿದ ಮೂಲ ಆಕಾರ ಕೈತಪ್ಪುತ್ತದೆ, ಹೊಸ ತಗಡಿಗೆ ಮಾದರಿಯೇ ಉಳಿಯುವುದಿಲ್ಲ. ಉಳಿಸಬಹುದಾದ ಒಂದು ಅಂಗುಲವನ್ನೂ ಉಳಿಸಬೇಕು ಅನ್ನುವ ಪಕ್ಷ ನನ್ನದು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಯ ಆಧಾರ ಕೊಡಬೇಕು. ಕೆಳಪಟ್ಟಿ ತೆಗೆದ ಕೂಡಲೇ ವ್ಯಾನಿನ ನಡು ಬಗ್ಗಿ ಬಾಗಿಲ ಸಂದಿ ಕಿರಿದಾಗಿಬಿಡಬಹುದು.

ಈ ಕೆಲಸದಲ್ಲಿ ನನ್ನ ಗುರು ಮುಳಬಾಗಿಲಿನ ಒಬ್ಬ ಟಿಂಕರ್ ಮೇಸ್ತ್ರಿ. ಮದ್ರಾಸ್ ರಸ್ತೆಯಲ್ಲಿ ನಂಗಲಿ ಕಡೆಗೆ ಹೋಗುವ ಲಾರಿಗಳ ಜಜ್ಜಿದ ಮೂತಿಗಳನ್ನು ನೆಟ್ಟಗೆ ಮಾಡುತ್ತ ಬೆಳೆದವರು. ನಾನು ಅವರನ್ನು ಭಾಯ್ ಅನ್ನುತ್ತೇನೆ, ಅವರು ನನ್ನನ್ನು ಸಾರ್ ಅನ್ನುವುದನ್ನು ಬಿಟ್ಟಿಲ್ಲ. ಮೊದಲ ದಿನ ನಾನು ಸುತ್ತಿಗೆ ಎತ್ತಿದ್ದನ್ನು ನೋಡಿ, "ಸಾರ್, ತಗಡನ್ನ ಹೊಡೀಬೇಡಿ, ತಳ್ಳಿ. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಹೇಳಿ, ಹೋಗುತ್ತೆ" ಅಂದರು. ಸುತ್ತಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯದೆ ಬೆರಳುಗಳಲ್ಲಿ ಸಡಿಲವಾಗಿ ಹಿಡಿದು, ಏಟು ತಾನೇ ಪುಟಿದು ಬರುವಂತೆ ಬಿಡುವುದನ್ನು ಅವರ ಕೈ ನೋಡಿಯೇ ಕಲಿತೆ.

ತಗಡು ನಾನು ತರುವುದು ಮಾಲೂರಿನ ಗುಜರಿಯಿಂದ. ಅಲ್ಲಿನ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಉಳಿದ ಸಿಆರ್ ಶೀಟಿನ ತುಂಡುಗಳು ಕೆಜಿ ಲೆಕ್ಕದಲ್ಲಿ ಸಿಗುತ್ತವೆ. ಇಪ್ಪತ್ತು ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ, ಕೈಗೆ ಬಗ್ಗುತ್ತದೆ, ಕಾವನ್ನೂ ತಡೆಯುತ್ತದೆ. ತುಕ್ಕು ಹಿಡಿಯದು ಅಂತ ಸತುವಿನ ಲೇಪವಿರುವ ಜಿಐ ಶೀಟ್ ತಂದು ಹಾಗೇ ವೆಲ್ಡ್ ಮಾಡುವವರಿದ್ದಾರೆ. ಸತುವು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು 1,500 ಡಿಗ್ರಿಯ ಹತ್ತಿರ ಹೋಗಬೇಕು. ಹಾಗಾಗಿ ಬಿಳಿ ಹೊಗೆಯೆದ್ದು ವೆಲ್ಡೂ ಕೆಡುತ್ತದೆ, ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರವೂ ಬರುತ್ತದೆ.

ಮಾವಿನ ಪೆಟ್ಟಿಗೆಯ ರಟ್ಟನ್ನು ಮೊದಲು ಆ ಜಾಗಕ್ಕೆ ಹಿಡಿದು, ಮಡಿಸಿ, ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತೇನೆ. ನೇರ ಮಡಿಕೆ ಸುಲಭ. ಎರಡು ಕಬ್ಬಿಣದ ಆಂಗಲ್ ಪಟ್ಟಿಗಳ ನಡುವೆ ತಗಡನ್ನಿಟ್ಟು ಸಿ-ಕ್ಲಾಂಪ್ ಬಿಗಿದು, ಮರದ ತುಂಡು ಅಡ್ಡವಿಟ್ಟು ತಟ್ಟುತ್ತ ಹೋದರೆ ಆಯಿತು. ಕಷ್ಟ ಮತ್ತು ಸುಖ ಎರಡೂ ಇರುವುದು ವ್ಯಾನಿನ ಮೂಲೆಗಳಲ್ಲಿ. ಮೂತಿ ಪಕ್ಕಕ್ಕೆ ತಿರುಗುವ ಕೆಳಮೂಲೆ ಎರಡು ದಿಕ್ಕಿಗೂ ಬಾಗಿದೆ. ಅಂಥ ಆಕಾರವನ್ನು ಮಡಿಸಿ ಪಡೆಯಲಾಗದು. ತಗಡಿನ ನಡುವನ್ನು ಹಿಗ್ಗಿಸಬೇಕು, ಅಂಚನ್ನು ಕುಗ್ಗಿಸಬೇಕು. ನಡುವಿಗೆ ಮರಳು ತುಂಬಿದ ತೊಗಲಿನ ಚೀಲ ಮತ್ತು ಮರದ ಕೊಡತಿ. ಚೀಲದ ಮೇಲೆ ತಗಡಿಟ್ಟು ನಡುವಿನಿಂದ ಸುತ್ತು ಸುತ್ತಾಗಿ ಹೊಡೆಯುತ್ತ ಹೊರಗೆ ಬಂದರೆ ಅದು ತಗ್ಗುತ್ತ, ತೆಳ್ಳಗಾಗುತ್ತ ಬಟ್ಟಲಾಗುತ್ತದೆ. ಆಗ ಅಂಚು ಹೆಚ್ಚಾಗಿ ಅಲೆ ಅಲೆಯಾಗಿ ಏಳುತ್ತದೆ. ಇಕ್ಕಳದ ಮೂತಿಯಿಂದ ಆ ಅಲೆಯನ್ನು ಬೇಕೆಂದೇ ಒಂದು ನೆರಿಗೆಯಾಗಿ ಹಿಂಡಿ, ನೆರಿಗೆಯ ತುದಿಯನ್ನು ಮೊದಲು ಬಡಿದು ಬೀಗ ಹಾಕಿದ ಹಾಗೆ ಮುಚ್ಚಿ, ಆಮೇಲೆ ಉಳಿದದ್ದನ್ನು ಅದರೊಳಗೇ ಕೂರಿಸಬೇಕು. ತಗಡು ತನ್ನ ಮೇಲೆ ತಾನೇ ಮಡಚಿಕೊಳ್ಳದೆ ಒಳಗೊಳಗೇ ದಪ್ಪವಾಗುತ್ತದೆ. ಹೊಡೆದಷ್ಟೂ ಅದು ಬಿರುಸಾಗುತ್ತದೆ. ಏಟಿನ ಸದ್ದು ತೀಕ್ಷ್ಣವಾಯಿತು ಅಂದರೆ ನಿಲ್ಲಿಸಿ, ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಒರಟು ಆಕಾರ ಬಂದ ಮೇಲೆ ಡಾಲಿ, ಅಂದರೆ ಏಟಿಗೆ ಒಳಗಿನಿಂದ ಒತ್ತು ಕೊಡುವ ತುಂಡು. ಒಳಗಡೆ ಎಡಗೈಯಲ್ಲಿ ಉಕ್ಕಿನ ಡಾಲಿ, ಹೊರಗಡೆ ಬಲಗೈಯಲ್ಲಿ ಸುತ್ತಿಗೆ. ಕುಂಬಾರರು ಹಸಿ ಗಡಿಗೆಯ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹೊಟ್ಟೆ ಬರಿಸುತ್ತಾರಲ್ಲ, ಅದೇ ವಿದ್ಯೆ. ಎರಡು ಕೈ ಒಂದನ್ನೊಂದು ನೋಡಲಾರವು, ಸದ್ದಿನಿಂದಲೇ ಒಂದನ್ನೊಂದು ಹುಡುಕಿಕೊಳ್ಳಬೇಕು. ಸುತ್ತಿಗೆ ಡಾಲಿಯ ನೇರಕ್ಕೆ ಬಿದ್ದರೆ ಸದ್ದು ಗಂಟೆಯಷ್ಟು ಸ್ಪಷ್ಟ.

ಕೂಡಿಸುವಾಗ ಹೊಸ ತಗಡನ್ನು ಹಳೆಯದರ ಮೇಲೆ ಏರಿಸಿ ವೆಲ್ಡ್ ಮಾಡುವುದು ಬೀದಿಯ ರೂಢಿ. ಬೇಗ ಆಗುತ್ತದೆ, ಆದರೆ ಆ ಮಡಿಕೆಯೊಳಗೆ ಮತ್ತೆ ನೀರು ನಿಂತು ಹಳೇ ಕಥೆಯೇ ಶುರು. ಅಂಚಿಗೆ ಅಂಚು ಮುಟ್ಟಿಸಿಯೇ ಕೂಡಿಸಬೇಕು ಅನ್ನುವುದರಲ್ಲಿ ನಾನೂ ಭಾಯ್ ಇಬ್ಬರೂ ಹಟಮಾರಿಗಳು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿರಬೇಕು, ಚೂಪು ಮೂಲೆ ಮುಂದೆ ಬಿರುಕು ಬಿಡುತ್ತದೆ. ಡೀಸೆಲ್ ಟ್ಯಾಂಕು ಅಷ್ಟರೊಳಗೆ ಗಾಡಿಯಿಂದ ಇಳಿದು ದೂರ ಹೋಗಿರಬೇಕು. ಸಣ್ಣ ನಾಜಲ್ ಹಾಕಿ, ಒಂದು ಚುಕ್ಕೆ ಇಲ್ಲಿ, ಮುಂದಿನದು ಆ ತುದಿಯಲ್ಲಿ, ಮೂರನೆಯದು ನಡುವೆ. ಸಾಲಾಗಿ ಎಳೆದುಕೊಂಡು ಹೋದರೆ ಕಾದ ಕಡೆ ಹಿಗ್ಗಿ, ಆರಿದ ಕಡೆ ಕುಗ್ಗಿ, ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಗ್ಯಾಸ್ ವೆಲ್ಡಿಂಗ್ ಈಗ ಹಳೆಯ ಮಾತಾಯಿತು ಅನ್ನುವವರಿದ್ದಾರೆ. ತೆಳು ತಗಡಿಗೆ ನನಗೆ ಅದೇ ಇಷ್ಟ. ಅದರ ಗೆರೆ ಮೆತ್ತಗಿರುತ್ತದೆ, ಬಿಸಿಯಿರುವಾಗಲೇ ಡಾಲಿಯ ಮೇಲೆ ಬಡಿದು ಸಮ ಮಾಡಬಹುದು. ಮಿಗ್ ವೆಲ್ಡಿನ ಗೆರೆ ಬಿರುಸು, ಗ್ರೈಂಡರಿನಲ್ಲಿ ಸವೆಸಿಯೇ ಇಳಿಸಬೇಕು.

ಇಷ್ಟಾದರೂ ಒಮ್ಮೊಮ್ಮೆ ತಗಡಿನ ನಡು ಸಡಿಲವಾಗಿ, ಹೆಬ್ಬೆರಳಲ್ಲಿ ಒತ್ತಿದರೆ ಪಟಕ್ ಅಂತ ಒಳಗೆ ಹೋಗಿ ಪಟಕ್ ಅಂತ ಹೊರಗೆ ಬರುತ್ತದೆ. ಅದನ್ನು ಬಿಗಿಮಾಡುವ ವಿದ್ಯೆ ನನಗೆ ದಕ್ಕಿದ್ದು ಕೆಜಿಎಫ್‌ನಲ್ಲಿ, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರೊಬ್ಬರಿಂದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಅಲ್ಲಿ ಕಲಿತ ಕೈಗಳು ಸುತ್ತಲ ತಾಲ್ಲೂಕುಗಳಲ್ಲಿ ಇನ್ನೂ ಇವೆ. ಸಡಿಲು ಜಾಗದ ನಡುವೆ ಒಂದು ರೂಪಾಯಿ ನಾಣ್ಯದಷ್ಟನ್ನು ಮಾತ್ರ ಕೆಂಪಗೆ ಕಾಯಿಸಬೇಕು. ಸುತ್ತಲ ತಣ್ಣನೆಯ ತಗಡು ಅದನ್ನು ಹಿಗ್ಗಲು ಬಿಡದೆ ತಡೆಯುತ್ತದೆ, ಕಾದ ಚುಕ್ಕೆ ಮೇಲಕ್ಕೆ ಉಬ್ಬುತ್ತದೆ. ತಕ್ಷಣ ಮೆಲ್ಲಗೆ ತಟ್ಟಿ ಕೂರಿಸಿ ಒದ್ದೆ ಬಟ್ಟೆ ಒತ್ತಿದರೆ ಚುರ್ರೆಂದು ಆರಿ, ಮೊದಲಿಗಿಂತ ಚಿಕ್ಕದಾಗಿ, ಸುತ್ತಲಿನದನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಕಾಯಿಸಿ ತಗಡನ್ನು ಚಿಕ್ಕದು ಮಾಡಬಹುದು ಅನ್ನುವುದು ಇಷ್ಟು ಸಲ ಮಾಡಿದ ಮೇಲೂ ನನಗೆ ಬೆರಗು.

ಕತ್ತರಿಸಲಾಗದ ಕಡೆ, ಒಳ ಕಂಬಿಗಳ ಮೇಲೆ ಹಿಡಿದ ಮೇಲುತುಕ್ಕಿಗೆ ಮಾತ್ರ ಮದ್ದು ಬೇರೆ. ತಂತಿಬ್ರಷ್‌ನಲ್ಲಿ ಉಜ್ಜಿ, ಅಳಲೆಕಾಯಿ ಕುದಿಸಿದ ಕಷಾಯ ಬಳಿದರೆ ಕೆಂಪು ತುಕ್ಕು ಕಣ್ಣೆದುರೇ ಕಪ್ಪು ತಿರುಗುತ್ತದೆ. ಅಳಲೆಯ ಒಗರು ಕಬ್ಬಿಣದ ಜೊತೆ ಕೂಡಿ ಆಗುವ ಕಪ್ಪು ಅದು. ಹಿಂದೆ ಇದೇ ಎರಡನ್ನು ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಅಂಗಡಿಯಲ್ಲಿ ಸಿಗುವ ತುಕ್ಕು ಮದ್ದುಗಳಲ್ಲೂ ಹಲವು ಇದೇ ಒಗರಿನ ಮೇಲೆ ನಡೆಯುತ್ತವೆ. ಆರಿದ ಮೇಲೆ ರೆಡ್ ಆಕ್ಸೈಡ್. ಪೊಳ್ಳುಗಳೊಳಗೆ ತೆಳ್ಳಗೆ ಎಣ್ಣೆ, ಮತ್ತು ಆ ನೀರು ಹೋಗುವ ತೂತುಗಳು ಎಲ್ಲವೂ ತೆರೆದಿರಬೇಕು.

ನುಣುಪನ್ನು ಕಣ್ಣು ಬೇಗ ನಂಬಿಬಿಡುತ್ತದೆ, ಕೈ ನಂಬುವುದಿಲ್ಲ. ತೆಳು ಬಟ್ಟೆ ಅಂಗೈಯಡಿ ಇಟ್ಟು ತಗಡಿನ ಮೇಲೆ ಉದ್ದಕ್ಕೆ ಎಳೆದರೆ ಕೂದಲೆಳೆಯ ಉಬ್ಬು ಕೂಡ ತಿಳಿಯುತ್ತದೆ. ಅರ ಹಾಕಿ ಒಂದೆರಡು ಸಲ ಉಜ್ಜಿದರೆ ಉಬ್ಬಿದ ಕಡೆ ಹೊಳಪು, ತಗ್ಗಿದ ಕಡೆ ಮಬ್ಬು. ತಗ್ಗನ್ನು ಒಳಗಿನಿಂದ ಎತ್ತಿ ಮತ್ತೆ ಅರ. ಆಮೇಲೆ ಸೀಮೆಎಣ್ಣೆ ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನೋಡುತ್ತೇನೆ. ಬೆಳಕಿನ ಗೆರೆ ಹಳೆಯ ತಗಡಿನಿಂದ ಹೊಸದಕ್ಕೆ ಮುರಿಯದೆ ಹರಿದರೆ ಆ ಮೂಲೆ ಮುಗಿಯಿತು. ಎಡಮೂಲೆಯಲ್ಲಿ ಆ ಗೆರೆ ನೆಟ್ಟಗೆ ಹರಿದ ಸಂಜೆ ಭಾಯ್ ಮುಳಬಾಗಿಲಿನಿಂದ ಬಂದು, ಕನ್ನಡಕ ತೆಗೆದು, ಕಣ್ಣು ಮುಚ್ಚಿ ಅಂಗೈಯಾಡಿಸಿ, "ಜೋಡು ಎಲ್ಲಿದೆ ಸಾರ್?" ಅಂದರು.

ಬಲಮೂಲೆಗೆ ರಟ್ಟಿನ ಅಚ್ಚು ಸಿದ್ಧವಿದೆ. ಅದರ ಒಳತಗಡು ಇನ್ನೂ ಹೆಚ್ಚು ಹಾಳಾಗಿದೆ, ಬ್ಯಾಟರಿ ತಟ್ಟೆಯ ಪಕ್ಕದ್ದು ತಾನೆ. ಮುಂದಿನ ವಾರ ಮಾಲೂರಿಗೆ ಹೋಗಿ ಹದಿನೆಂಟು ಗೇಜಿನ ತುಂಡೊಂದನ್ನು ತರಬೇಕು, ಆ ಜಾಗಕ್ಕೆ ಇಪ್ಪತ್ತು ಸಾಲದು.