ಬೇಸಿಗೆಯಲ್ಲಿ ಮೇಲೆ ಬರುವ ಹೊಲ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಬ್ಬರದೂ ಒಂದೇ ಹಟ: ‘ತಾತ, ಹುಲಿ ತೋರಿಸು.’ ಮೈಸೂರು ಮೃಗಾಲಯದ ಹುಲಿ ಬೇಡವಂತೆ, ಕಾಡಿನದೇ ಆಗಬೇಕಂತೆ. ‘ಹುಲಿ ನನ್ನ ಮಾತು ಕೇಳುವುದಿಲ್ಲ ಕಣ್ರೋ. ಏಪ್ರಿಲ್ ತಿಂಗಳು, ಆನೆ ಬೇಕಾದರೆ ತೋರಿಸ್ತೀನಿ’ ಅಂದೆ.

ಹೆಗ್ಗಡದೇವನಕೋಟೆ ನನಗೆ ಹಳೆಯ ಊರು. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದ ನನಗೆ 1978ರಲ್ಲಿ ಅಲ್ಲಿಗೆ ವರ್ಗವಾಯಿತು. ಕೋಟೆಗೆ ವರ್ಗವೆಂದರೆ ಶಿಕ್ಷೆ ಎಂದು ಆಗಿನವರ ಲೆಕ್ಕ. ಗೊಣಗುತ್ತಲೇ ಹೋದವನು ಐದು ವರ್ಷ ಅಲ್ಲೇ ಇದ್ದೆ. ಹಿರಿಯ ಮಗಳು ಹುಟ್ಟಿದ್ದೂ ಆಗಲೇ.

ಮೈಸೂರಿನಿಂದ ಕೋಟೆಗೆ ಸುಮಾರು 50 ಕಿಲೋಮೀಟರ್. ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಹತ್ತಿಯ ಹೊಲ, ಬಾಳೆ ತೋಟ, ಆಮೇಲೆ ಕಾಡು. ಅದೇ ರಸ್ತೆ ಬಳ್ಳೆ, ಬಾವಲಿ ಮೂಲಕ ಕೇರಳದ ಮಾನಂದವಾಡಿಗೆ ಹೋಗುತ್ತದೆ. ಸಂಜೆ ಆರರಿಂದ ಬೆಳಗಿನ ಆರರವರೆಗೆ ಕಾಡಿನೊಳಗೆ ವಾಹನ ಬಿಡುವುದಿಲ್ಲ. ಆ ಹೊತ್ತು ರಸ್ತೆ ಪ್ರಾಣಿಗಳದು.

ಮಧ್ಯಾಹ್ನದ ಸಫಾರಿಗೆ ಹೊತ್ತಿತ್ತು. ಬಾಡಿಗೆ ಕಾರಿನವರಿಗೆ ಹೇಳಿ ಮೊದಲು ಭೀಮನಕೊಲ್ಲಿಗೆ ಹೋದೆವು. ಕಬಿನಿ ಹಿನ್ನೀರಿನ ಅಂಚಿನಲ್ಲಿ ಮಹದೇಶ್ವರನ ದೇವಸ್ಥಾನ. ಮೊಣಕಾಲು ನೋವಿನ ನನ್ನಂಥವರಿಗೆ ಒಳ್ಳೆಯ ಜಾಗ. ಪೂಜೆ ಮುಗಿಸಿ ನೆರಳಲ್ಲಿ ಕೂತರೆ ಹಕ್ಕಿಗಳು ತಾವಾಗಿಯೇ ಕಣ್ಣೆದುರು ಬರುತ್ತವೆ. ನೀರುಕಾಗೆಯೊಂದು ಕೊರಡಿನ ಮೇಲೆ ಕೂತು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿತ್ತು. ‘ಬಟ್ಟೆ ಒಣಗಿಸ್ತಿದೆ’ ಎಂದ ಮೊಮ್ಮಗ. ಸರಿಯಾಗಿಯೇ ಹೇಳಿದ. ಅದರ ರೆಕ್ಕೆ ಬಾತುಕೋಳಿಯದರಂತಲ್ಲ, ನೀರಿಗಿಳಿದರೆ ತೊಯ್ದುಹೋಗುತ್ತದೆ. ಹಾಗೆ ತೊಯ್ಯುವುದರಿಂದಲೇ ಮುಳುಗಿ ಮೀನು ಹಿಡಿಯುವುದು ಸುಲಭ. ಹಿಡಿದ ಮೇಲೆ ಒಣಗಿಸಿಕೊಳ್ಳಬೇಕು, ಅಷ್ಟೆ.

ನೀರು ಬಹಳ ಹಿಂದಕ್ಕೆ ಸರಿದಿತ್ತು. ಒಣಗಿದ ಮಣ್ಣಿನಲ್ಲಿ ಕಲ್ಲುಗಳ ಉದ್ದನೆಯ ಸಾಲು ಕಂಡು ಮೊಮ್ಮಗಳು ‘ಅದೇನು ತಾತ, ಗೋಡೆಯಾ?’ ಎಂದು ಕೇಳಿದಳು.

‘ಹೊಲದ ಬದು ಇರಬೇಕು ಪುಟ್ಟಿ.’

‘ನೀರಿನೊಳಗೆ ಯಾರು ಹೊಲ ಮಾಡ್ತಾರೆ?’

ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಮುಗಿದದ್ದು 1974ರಲ್ಲಿ. ನದಿ ಬರುವುದು ಕೇರಳದ ವಯನಾಡಿನಿಂದ. ಅಲ್ಲಿ ಮುಂಗಾರು ಸುರಿದರೆ ಇಲ್ಲಿ ತುಂಬುತ್ತದೆ. ಪೂರ್ಣ ಮಟ್ಟ 2284 ಅಡಿ. ಆ ನೀರಿನಡಿಗೆ ಊರುಗಳು ಹೋದವು, ಹೊಲಗಳು ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಹೊಲಗಳು ಮತ್ತೆ ಮೇಲೆ ಬರುತ್ತವೆ.

ನಾನು ಕೋಟೆಗೆ ಬಂದ ಮೊದಲ ಬೇಸಿಗೆಯಲ್ಲೇ ಒಬ್ಬ ಮುದುಕ ಕೌಂಟರಿಗೆ ಬಂದ. ಹೆಗಲ ಮೇಲೆ ಟವಲು, ಕೈಯಲ್ಲಿ ಹಳೆಯ ಪಹಣಿ. ಬೀಜಕ್ಕೆ, ಗೊಬ್ಬರಕ್ಕೆ ಸಾಲ ಬೇಕು ಅಂದ. ಜಮೀನೆಲ್ಲಿ ಎಂದು ಕೇಳಿದೆ. ‘ನೀರೊಳಗದೆ ಸ್ವಾಮಿ. ಬ್ಯಾಸ್ಗೇಲಿ ಮ್ಯಾಕ್ ಬತ್ತದೆ. ಮಳೆ ಬರೋಗಂಟ ಏನಾರ ಬೆಳ್ಕತೀನಿ.’

ಪರಿಹಾರ ತೆಗೆದುಕೊಂಡಾಗಿತ್ತು. ಜಮೀನು ಸರ್ಕಾರದ್ದಾಗಿತ್ತು. ಅವನ ಕೈಯಲ್ಲಿದ್ದ ಪಹಣಿಗೆ ಬೆಲೆಯಿರಲಿಲ್ಲ. ನಾನು ಹಾಗೆಂದೆ. ಅವನು ಮರುವರ್ಷವೂ ಬಂದ, ಅದರ ಮರುವರ್ಷವೂ ಬಂದ. ಮೂರನೆಯ ಸಲ, ಕೌಂಟರಿನಲ್ಲಿ ಉದ್ದನೆಯ ಸಾಲಿತ್ತು, ನಾನು ರೇಗಿದೆ: ‘ನಿಮ್ಮ ಹೊಲ ಇಲ್ಲ ಅಂತ ಎಷ್ಟು ಸಲ ಹೇಳಬೇಕು?’ ಅವನು ಪಹಣಿಯನ್ನು ಮಡಿಸಿ ಟವಲಿನೊಳಗೆ ಇಟ್ಟುಕೊಂಡು, ‘ಆಯ್ತು ಬುದ್ಧಿ’ ಎಂದು ಹೋದ. ಮತ್ತೆ ಬರಲಿಲ್ಲ. ಕಾಯಿದೆ ಪ್ರಕಾರ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಇಷ್ಟು ವರ್ಷವಾದ ಮೇಲೂ ಆ ಮಡಿಸಿದ ಕಾಗದ ಕಣ್ಣಿಗೆ ಕಟ್ಟುತ್ತದೆ.

ಮೊಮ್ಮಗಳು ಏನೂ ಹೇಳಲಿಲ್ಲ. ಇಳಿದುಹೋಗಿ ಆ ಬದುವಿನ ಮೇಲೆ ಒಂದಷ್ಟು ದೂರ ನಡೆದು ಬಂದಳು.

ಮಧ್ಯಾಹ್ನ ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ವಾಹನ ಹತ್ತಿದೆವು. (ಹೋಗುವವರು ಸಫಾರಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕೆಂಪು, ಹಳದಿ ಅಂಗಿ ಬೇಡ. ಚಿಪ್ಸ್ ಪೊಟ್ಟಣ ಚೀಲದಲ್ಲೇ ಇರಲಿ.) ಇದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಕಾಕನಕೋಟೆ ಭಾಗ. 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆ 1999ರಲ್ಲಿ ಹುಲಿ ಯೋಜನೆಗೆ ಸೇರಿತು. ತೇಗ, ಮತ್ತಿ, ಬೀಟೆ ಎಲ್ಲ ಎಲೆ ಉದುರಿಸಿ ನಿಂತಿದ್ದವು. ಬೇಸಿಗೆಯ ಕಾಡು ಚೆನ್ನಾಗಿ ಕಾಣುವುದಿಲ್ಲ ಎನ್ನುವವರಿದ್ದಾರೆ. ಪ್ರಾಣಿಗಳು ಚೆನ್ನಾಗಿ ಕಾಣುವುದು ಬೇಸಿಗೆಯಲ್ಲೇ.

ಒಂದು ಕಡೆ ಮರದ ಮೇಲಿಂದ ಮುಸುವವೊಂದು ಕೆಮ್ಮಿದ ಹಾಗೆ ಕೂಗಿತು. ಕೆಳಗಿದ್ದ ಜಿಂಕೆಗಳೆಲ್ಲ ಒಮ್ಮೆಗೇ ತಲೆಯೆತ್ತಿದವು. ಇವೆರಡಕ್ಕೂ ಬಲು ಸ್ನೇಹ. ಮುಸುವ ಮೇಲಿಂದ ಕಾವಲು ಕಾಯುತ್ತದೆ, ತಿನ್ನುತ್ತಾ ಎಲೆ, ಕಾಯಿ ಉದುರಿಸುತ್ತದೆ. ಜಿಂಕೆ ಅದನ್ನು ಆರಿಸಿ ತಿನ್ನುತ್ತದೆ. ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತೆವು. ಹುಲಿ ಬರಲಿಲ್ಲ. ಮೊಮ್ಮಗನ ಮುಖ ಸಣ್ಣದಾಯಿತು.

ತಿರುವು ದಾಟಿ ಹಿನ್ನೀರಿಗೆ ಬಂದಾಗ ಆನೆಗಳು ಕಂಡವು. ಒಂದೆರಡಲ್ಲ. ದಡದುದ್ದಕ್ಕೂ ಗುಂಪುಗುಂಪಾಗಿ ಮೇಯುತ್ತಿದ್ದವು. ಒಳಗಿನ ಕೆರೆಕಟ್ಟೆಗಳು ಒಣಗಿದಾಗ ಸುತ್ತಲಿನ ಕಾಡುಗಳ ಆನೆಗಳೆಲ್ಲ ಇಲ್ಲಿಗೆ ಬರುತ್ತವೆ. ಇಳಿದ ನೀರಿನ ಹಿಂದೆಯೇ ಹಸಿ ಮಣ್ಣಿನಲ್ಲಿ ಹೊಸ ಹುಲ್ಲು ಚಿಗುರಿರುತ್ತದೆ. ಒಂದು ಹೆಣ್ಣಾನೆ ಹುಲ್ಲನ್ನು ಕಿತ್ತು, ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ ಬಾಯಿಗಿಟ್ಟುಕೊಂಡಿತು. ಸೊಪ್ಪು ಕೊಡವುವ ನಮ್ಮ ಮನೆಯವಳು ನೆನಪಾದಳು. ಮರಿಯೊಂದು ತಾಯಿಯ ಮುಂಗಾಲುಗಳ ನಡುವೆ ನುಗ್ಗಿ ಹಾಲು ಕುಡಿಯುತ್ತಿತ್ತು. ಸೊಂಡಿಲಿನಿಂದಲ್ಲ ಮಕ್ಕಳೇ, ಬಾಯಿಂದ.

ನೀರಿನಲ್ಲಿ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿದ್ದವು.

‘ಇಲ್ಲೂ ಆ ಮುದುಕರ ಥರ ಯಾರದೋ ಹೊಲ ಇತ್ತಾ?’ ಮೊಮ್ಮಗಳು ಕಿವಿಯಲ್ಲಿ ಕೇಳಿದಳು.

‘ಇಲ್ಲಿ ಇದ್ದದ್ದು ಕಾಡೇ. ಅದೂ ಮುಳುಗಿತು.’

‘ಅಂದ್ರೆ ಇವೂ ಬೇಸಿಗೇಲಿ ತಮ್ಮ ಜಾಗಕ್ಕೆ ಬರ್ತವೆ.’

ನಾನು ಹೂಂ ಅಂದೆ. ಬೇರೆ ಮಾತು ತೋಚಲಿಲ್ಲ.

ಆನೆಗೂ ಮನುಷ್ಯರಿಗೂ ಇಲ್ಲಿ ಹಳೆಯ ವ್ಯವಹಾರವಿದೆ. ಮಹಾರಾಜರ ಕಾಲದಲ್ಲಿ ಇದೇ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು. ನೂರಾರು ಜನ ತಮಟೆ ಬಡಿದು, ಪಂಜು ಹಿಡಿದು ಹಿಂಡನ್ನೇ ಹೊಳೆ ದಾಟಿಸಿ ದಿಮ್ಮಿಗಳ ಬೇಲಿಯೊಳಗೆ ನೂಕುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ದಸರೆಯಲ್ಲಿ 2012ರಿಂದ 2019ರವರೆಗೆ 750 ಕಿಲೋ ಅಂಬಾರಿ ಹೊತ್ತ ಅರ್ಜುನ, 1968ರಲ್ಲಿ ಈ ಕಾಡಿನಲ್ಲೇ ಸೆರೆಯಾದವನು. ಇಲ್ಲೇ ಮುಂದೆ ಬಳ್ಳೆ ಶಿಬಿರದಲ್ಲಿದ್ದ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿದ್ದಾಗ, ಕಾಡಾನೆಯ ಜೊತೆ ಕಾದಾಡಿ ಸತ್ತ. ಅವನನ್ನು ದಸರೆಯಲ್ಲಿ ನೋಡಿದ್ದ ಮೊಮ್ಮಗನಿಗೆ ಇದು ಗೊತ್ತಿತ್ತು. ‘ಇವರಲ್ಲಿ ಅವನ ನೆಂಟರು ಇರ್ತಾರಾ?’ ಎಂದು ಕೇಳಿದ. ಇರಬಹುದು ಎಂದೆ.

ಕತ್ತಲಾಗುವಾಗ ಕೋಟೆಗೆ ಮರಳಿ ಮೈಸೂರಿನ ಬಸ್ಸು ಹಿಡಿದೆವು. ಆನೆ ಎಷ್ಟು ಎಂಬ ಲೆಕ್ಕ ಶುರುವಾಯಿತು. ಮೊಮ್ಮಗಳದು 43, ಮೊಮ್ಮಗನದು 51, ನನ್ನದು 46. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಮನೆಗೆ ಬಿಡುತ್ತಿರಲಿಲ್ಲ ಎಂದೆ. ‘ಹಾಗಾದ್ರೆ ವಾಪಸ್ ಹೋಗಿ ಎಣಿಸೋಣ’ ಎಂದು ಮೊಮ್ಮಗ ಸೀಟಿನಿಂದ ಎದ್ದೇಬಿಟ್ಟ. ಹುಲಿಯ ಸುದ್ದಿ ಯಾರೂ ಎತ್ತಲಿಲ್ಲ.