ಹಿಂದೆ ಉಳಿದವಳ ವೇಗ

ಮೂರನೇ ಸೆಮಿಸ್ಟರ್‌ನ ಬೋಧನಾಭ್ಯಾಸದಲ್ಲಿ ನನ್ನ ಆರನೇ ಪಾಠ ಮುಗಿದಾಗ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಹೆಚ್ಚೇನೂ ಬರೆಯಲಿಲ್ಲ. ಪೀಠಿಕೆ ಸರಿ, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟು ಎಂದು ಗುರುತು ಹಾಕಿ, ಕೆಳಗೆ ಒಂದು ಸಾಲು ಬರೆದಿದ್ದರು: "ಪಾಠದ ವೇಗ ಯಾರಿಗೆ ಹೊಂದಿದ್ದು?"

ಅಂದಿನ ಪಾಠ ಒಂಬತ್ತನೇ ತರಗತಿಯ 'ಚಲನೆ'. ವೇಗದ ಪಾಠ ಮಾಡಿ ವೇಗದ ಬಗ್ಗೆಯೇ ಮಾತು ಕೇಳಬೇಕಾಯಿತಲ್ಲ ಎಂದು ಬೇಸರವಾಯಿತು. ಈ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಬಿ.ಎಸ್ಸಿ. ಓದುವಾಗ ನಾನು ಜಿಲ್ಲೆಯ ಮಹಿಳಾ ಸೈಕ್ಲಿಂಗ್ ತಂಡದಲ್ಲಿದ್ದೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಇದು ದೊಡ್ಡ ಸಂಗತಿಯೇನಲ್ಲ. ಬೆಳಗಿನ ಐದೂವರೆಗೆ ಸೊಲ್ಲಾಪುರ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡ ಹುಡುಗ ಹುಡುಗಿಯರು ಸಾಲಾಗಿ ಹೋಗುವುದನ್ನು ನಮ್ಮ ಕಡೆಯ ಲಾರಿ ಚಾಲಕರೂ ಬಲ್ಲರು. ನಮಗೆ ಸಂಬಳವಿಲ್ಲ, ಹೆಸರೂ ಇಲ್ಲ. ಓಡಿಸುವ ಆಸೆಯೊಂದಿತ್ತು.

ಆ ಒಂದು ಸಾಲಿನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮರೆಯಬೇಕೆಂದುಕೊಂಡಿದ್ದ ಒಂದು ಸ್ಪರ್ಧೆಗೆ ಹಿಂತಿರುಗಬೇಕಾಯಿತು. ಪ್ರಶಿಕ್ಷಣಾರ್ಥಿ ಮಿತ್ರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂಡದ ಮುಖ್ಯ ಸ್ಪರ್ಧೆ 30 ಕಿ.ಮೀ. ಟೀಮ್ ಟೈಮ್ ಟ್ರಯಲ್. ನಾಲ್ವರು ಒಟ್ಟಿಗೆ ಹೊರಡುತ್ತೇವೆ. ಒಬ್ಬಳು ಮುಂದೆ ಗಾಳಿಯನ್ನು ಸೀಳುತ್ತಾಳೆ, ಉಳಿದ ಮೂವರು ಅವಳ ಹಿಂದೆ ಒಂದೊಂದು ಅಡಿ ಅಂತರದಲ್ಲಿ ಚಕ್ರ ಹಿಡಿದು ಬರುತ್ತಾರೆ. ಅರ್ಧ ನಿಮಿಷದ ನಂತರ ಮುಂದಿನವಳು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾಳೆ. ಅಲ್ಲಿ ಅವಳ ಚೇತರಿಕೆ. ಅಂದರೆ ಅವಳೇನೂ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತಾಳೆ. ಮುಂದಿನವರು ಗಾಳಿಯನ್ನು ತಡೆಯುವುದರಿಂದ ಅವಳ ಕಾಲಿನ ಮೇಲಿನ ಭಾರ ಇಳಿಯುತ್ತದೆ, ಅಷ್ಟೆ. ಇನ್ನೊಂದು ನಿಯಮವಿದೆ. ತಂಡದ ಸಮಯ ದಾಖಲಾಗುವುದು ಮೊದಲು ಗೆರೆ ದಾಟಿದವಳಿಂದಲ್ಲ, ಮೂರನೆಯವಳಿಂದ.

ಅಭ್ಯಾಸದ ಒಂದು ದಿನ ನನ್ನ ಮುಂಚಕ್ರ ಮುಂದಿನ ಗೆಳತಿಯ ಹಿಂಚಕ್ರಕ್ಕೆ ತಾಗಿತು. ತಪ್ಪು ನನ್ನದೇ, ಕಣ್ಣು ರಸ್ತೆಯ ಮೇಲಿರಲಿಲ್ಲ. ಭುಜ ಊರಿ ಬಿದ್ದೆ. ಕಾಲರ್ ಬೋನ್ ಮುರಿಯಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡಿರಬೇಕು, ಮೂರು ತಿಂಗಳು ರಸ್ತೆಗೆ ಇಳಿಯಬಾರದು ಎಂದರು ಡಾಕ್ಟರ್. "ಸೈಕಲ್ ಸಾಕವಾ ಇನ್ನ" ಎಂದರು ಅಪ್ಪ. ಅವ್ವ ಏನೂ ಅನ್ನಲಿಲ್ಲ, ರೊಟ್ಟಿ ಮುರಿದು ಎಡಗೈಗೆ ಸಿಗುವಂತೆ ತಟ್ಟೆಯಲ್ಲಿ ಇಟ್ಟಳು.

ತಂಡದಲ್ಲಿ ಐವರಿದ್ದೆವು, ಸ್ಪರ್ಧೆಗೆ ಹೋಗುವವರು ನಾಲ್ವರು. ರಾಜ್ಯ ಮಟ್ಟದ ಸ್ಪರ್ಧೆಗೆ ಹತ್ತು ವಾರ ಉಳಿದಿತ್ತು. ಏಳನೇ ವಾರಕ್ಕೇ ನಾನು ರಸ್ತೆಯಲ್ಲಿದ್ದೆ. ಎಲುಬು ಕೂಡಿದೆ, ನೋವಿಲ್ಲ ಎಂದು ಕೋಚ್ ಸರ್‌ಗೆ ಹೇಳಿದೆ. ಕೂಡುತ್ತಿದ್ದದ್ದು ನಿಜ, ಕೂಡಿ ಮುಗಿದಿರಲಿಲ್ಲ.

ನಮಗೆಲ್ಲ ಸರ್ ಒಂದೊಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ಬರೆಯಬೇಕು. ಎಷ್ಟು ತಾಸು ನಿದ್ದೆ, ಎಲ್ಲಿ ನೋವು, ಊಟ ಏನು, ಎಲ್ಲ ಬರೆಯಬೇಕು. ಬೆಳಗಿನ ನಾಡಿ ಎಂದಿಗಿಂತ ಏಳೆಂಟು ಬಡಿತ ಹೆಚ್ಚಿದ್ದರೆ ದೇಹ ಹಿಂದಿನ ದಿನದ ದಣಿವಿನಿಂದ ಇನ್ನೂ ಹೊರಬಂದಿಲ್ಲ ಎಂದು ತಿಳಿದು, ಸರ್ ಆ ದಿನದ ಕೆಲಸ ಕಡಿಮೆ ಮಾಡುತ್ತಿದ್ದರು. ನನ್ನದು ಸಾಮಾನ್ಯವಾಗಿ 52. ಆ ವಾರಗಳಲ್ಲಿ 62, 64 ಬರುತ್ತಿತ್ತು. ನಾನು ನೋಟ್‌ಬುಕ್‌ನಲ್ಲಿ 54 ಎಂದು ಬರೆದೆ. ಮರುದಿನ 53. ಅನುಮಾನ ಬಾರದಿರಲೆಂದು ಒಂದು ದಿನ 55. ಬಲಗಡೆ ಹೊರಳಿ ಮಲಗಲು ಆಗದೆ ರಾತ್ರಿ ಎದ್ದು ಕೂರುತ್ತಿದ್ದವಳು, ನಿದ್ದೆಯ ಅಂಕಣದಲ್ಲಿ 8 ತಾಸು ಎಂದು ತುಂಬಿದೆ.

ಸ್ಪರ್ಧೆಯ ದಿನ 17ನೇ ಕಿಲೋಮೀಟರ್‌ವರೆಗೂ ಎಲ್ಲ ಸರಿಯಿತ್ತು. ಗಂಟೆಗೆ 36 ಕಿ.ಮೀ. ಹಿಡಿದಿದ್ದೆವು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಸೋತರೆ ನಾನು ಕಳಚಿಕೊಂಡು ಹಿಂದೆ ಉಳಿಯುತ್ತೇನೆ, ಉಳಿದ ಮೂವರು ಗೆರೆ ದಾಟುತ್ತಾರೆ. ಆದರೆ 18ರ ಹತ್ತಿರ ನಮ್ಮಲ್ಲೊಬ್ಬಳ ಟಯರ್ ಪಂಕ್ಚರ್ ಆಯಿತು. ಉಳಿದವರು ಮೂವರು. ಈಗ ಮೂರನೆಯವಳು ನಾನೇ.

ಮುಂದೆ ಎಳೆದು ಹಿಂದಕ್ಕೆ ಬಂದಾಗ ಕೊನೆಯ ಚಕ್ರವನ್ನು ಮತ್ತೆ ಹಿಡಿಯುವ ಒಂದು ಕ್ಷಣವಿದೆ. ಎಳೆದು ದಣಿದ ಕಾಲು ಆ ಕ್ಷಣದಲ್ಲಿ ಇನ್ನೊಮ್ಮೆ ಒತ್ತಬೇಕು. ಭುಜದ ನೋವಿಗೆ ಹ್ಯಾಂಡಲ್ ಗಟ್ಟಿಯಾಗಿ ಎಳೆಯಲಾಗದೆ ಆ ಕ್ಷಣ ತಪ್ಪಿತು. ಐದು ಮೀಟರ್ ಅಂತರ ಹತ್ತಾಯಿತು, ಹತ್ತು ಮೂವತ್ತಾಯಿತು. "ನಿಧಾನ!" ಎಂದು ಕೂಗಬೇಕು, ಅದು ನಮ್ಮೊಳಗಿನ ಒಪ್ಪಂದ. ನಾನು ಕೂಗಲಿಲ್ಲ. ಕೂಗಿದರೆ ಅಷ್ಟು ದಿನದ ಸುಳ್ಳು ಬಯಲಾಗುತ್ತಿತ್ತು. ಅವರು ತಿರುಗಿ ನೋಡುವ ಹೊತ್ತಿಗೆ ನಾನು ಬಹಳ ಹಿಂದಿದ್ದೆ. ಇಬ್ಬರೂ ವೇಗ ಇಳಿಸಿ ನನ್ನನ್ನು ಕರೆದುಕೊಂಡು ಬಂದರು. 50 ನಿಮಿಷದ ಗುರಿ 53 ಆಯಿತು. ಮೂರನೇ ಸ್ಥಾನ 40 ಸೆಕೆಂಡಿನಲ್ಲಿ ಹೋಯಿತು.

ಸಂಜೆ ಸರ್ ನನ್ನ ನೋಟ್‌ಬುಕ್ ಕೇಳಿದರು. ಪುಟ ತಿರುವಿ ಮುಚ್ಚಿದರು. "ಇದನ್ನ ನನಗಂತ ಬರದೀ? ನಿನಗಂತ ಬರೀಬೇಕಿತ್ತು" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಅವರೇ ಹೇಳಿದರು: "ಖರೇ ಬರದ್ರ ತಂಡದಿಂದ ತಗೀತಾರಂತ ಅಂಜಿದಿ. ಅದನ್ನ ನಾನೂ ಮೊದಲ ಹೇಳಬೇಕಿತ್ತು. ಖರೇ ಬರದವರನ್ನ ತಗಿಯಂಗಿಲ್ಲ, ಕೆಲಸ ಬದಲಸ್ತೀನಿ."

ಹಾಗೆಯೇ ಮಾಡಿದರು. ಒಂದು ತಿಂಗಳು ಪೂರ್ತಿ ವಿಶ್ರಾಂತಿ. ನಂತರ ರಸ್ತೆಗೆ ಬಂದಾಗ, "ಎರಡು ವಾರ ನೀ ಮುಂದ ಬರಬ್ಯಾಡ. ಹಿಂದಿನ ಚಕ್ರ ಹಿಡದ ಬಾ" ಎಂದರು. ತಂಡದ ಜೊತೆಗೇ ಇದ್ದೆ, ತಂಡದ ವೇಗದಲ್ಲೇ ಹೋಗುತ್ತಿದ್ದೆ, ಗಾಳಿಯ ಎದುರು ಮಾತ್ರ ಇರಲಿಲ್ಲ. ಮೂರನೇ ವಾರ ಹತ್ತು ಸೆಕೆಂಡು ಮುಂದೆ, ಆಮೇಲೆ ಇಪ್ಪತ್ತು.

ಈಗ ತರಗತಿಗೆ ಬರುತ್ತೇನೆ. ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಯವರೊಂದಿಗೆ ಗೋವಾ ಕಡೆ ಗುಳೆ ಹೋಗಿ ಎರಡೂವರೆ ತಿಂಗಳ ನಂತರ ಶಾಲೆಗೆ ಬಂದಿದ್ದಳು. ಅವಳು ಬಂದ ದಿನ ನಾನು ಅಕ್ಕರೆಯಿಂದಲೇ, "ನೀ ಸ್ವಲ್ಪ ಜಾಸ್ತಿ ಓದಿ ಎಲ್ಲಾರ ಸಮ ಬರಬೇಕವಾ" ಎಂದು ಹೇಳಿ ಹಿಂದಿನ ಮೂರು ಪಾಠಗಳ ನೋಟ್ಸ್ ಬರೆದುಕೊಳ್ಳಲು ಕೊಟ್ಟಿದ್ದೆ. ನನ್ನ ದಾಖಲೆಯಲ್ಲಿ ಅದಕ್ಕೆ 'ಪರಿಹಾರ ಬೋಧನೆ' ಎಂದು ಹೆಸರಿಟ್ಟಿದ್ದೆ. ಪ್ರತಿ ಪಾಠದ ಕೊನೆಗೆ "ತಿಳೀತಾ?" ಎಂದು ಕೇಳುತ್ತಿದ್ದೆ. "ಹೂಂ ರೀ ಟೀಚರ್" ಎಂದು ಇಡೀ ತರಗತಿ ಹೇಳುತ್ತಿತ್ತು, ಅವಳೂ ಹೇಳುತ್ತಿದ್ದಳು.

ಮಾರ್ಗದರ್ಶಕರು ಆ ಸಾಲು ಬರೆದ ದಿನ ನೋಟ್‌ಬುಕ್‌ಗಳನ್ನು ಮತ್ತೆ ನೋಡಿದೆ. ಅವಳ ದೂರ–ಕಾಲ ನಕ್ಷೆ ಅಚ್ಚುಕಟ್ಟಾಗಿತ್ತು. ಪಕ್ಕದವಳು ಕಾಲದ ಅಕ್ಷಕ್ಕೆ ತಪ್ಪಾಗಿ 'ದೂರ' ಎಂದು ಬರೆದಿದ್ದಳು, ಇವಳ ನೋಟ್‌ಬುಕ್‌ನಲ್ಲೂ ಅದೇ ತಪ್ಪು ಅದೇ ಜಾಗದಲ್ಲಿತ್ತು. ನನಗೆ ನನ್ನ 54, 53, 55 ಕಣ್ಣಮುಂದೆ ಬಂತು.

ಆ ರಾತ್ರಿ ಒಂದು ಲೆಕ್ಕ ಮಾಡಿದೆ. ಮುಂದಿನವರು ಗಂಟೆಗೆ 36 ಕಿ.ಮೀ.ನಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್‌ನಂತೆ ಹೋಗುತ್ತಿದ್ದಾರೆ. 50 ಮೀಟರ್ ಹಿಂದಿರುವವಳು 38ರಲ್ಲಿ ಹೋದರೆ ಅವರನ್ನು ಮುಟ್ಟಲು 90 ಸೆಕೆಂಡು ಬೇಕು. ಆ 90 ಸೆಕೆಂಡಿನಲ್ಲಿ ಅವಳು 950 ಮೀಟರ್ ದೂರವನ್ನು ಗಾಳಿಯ ಎದುರು ಒಂಟಿಯಾಗಿ ಕ್ರಮಿಸಬೇಕು. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 30ರಿಂದ 36ಕ್ಕೆ, ಅಂದರೆ 1.2 ಪಟ್ಟು ಆದರೆ ತಡೆ 1.44 ಪಟ್ಟು. ಆ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ಸುಮಾರು 1.73 ಪಟ್ಟು. ನಾನು ಆ ಹುಡುಗಿಗೆ ಹೇಳಿದ್ದು ಇದನ್ನೇ ಅಲ್ಲವೇ? ಎಲ್ಲರಿಗಿಂತ ದಣಿದಿರುವ ನೀನು ಎಲ್ಲರಿಗಿಂತ ವೇಗವಾಗಿ, ಒಬ್ಬಳೇ ಬಾ ಎಂದು. ಶಾಲೆ ಬಿಟ್ಟ ಮೇಲೆ ನೀರು ತಂದು ತಮ್ಮನನ್ನು ನೋಡಿಕೊಳ್ಳುವವಳಿಗೆ.

ಆಮೇಲೆ ಮೂರು ಬದಲಾವಣೆ ಮಾಡಿದೆ. ಮೊದಲನೆಯದಾಗಿ, ಹಿಂದಿನ ಮೂರು ಪಾಠಗಳನ್ನು ಬರೆಯುವ ಕೆಲಸ ನಿಲ್ಲಿಸಿದೆ. ಇಂದಿನ ಪಾಠಕ್ಕೆ ಬೇಕಾದದ್ದಷ್ಟನ್ನೇ, ಅಂದರೆ ದಶಮಾಂಶ ಭಾಗಾಕಾರ ಮತ್ತು ನಕ್ಷೆಯ ಮೇಲೆ ಬಿಂದು ಓದುವುದನ್ನು, ಪ್ರಾರ್ಥನೆಗೆ ಮುಂಚೆ 15 ನಿಮಿಷ ಎಂಟು ದಿನ ಹೇಳಿಕೊಟ್ಟೆ. ಪಕ್ಕದ ಬೆಂಚಿನವಳನ್ನೂ ಕೂಡಿಸಿಕೊಂಡೆ, ಅವಳಿಗೂ ಬೇಕಿತ್ತು.

ಎರಡನೆಯದು, ಮೈದಾನದಲ್ಲಿ ಟೇಪ್ ಹಿಡಿದು 100 ಮೀಟರ್ ಗೆರೆ ಎಳೆದು, ಮಕ್ಕಳಿಂದ ಸೈಕಲ್ ಓಡಿಸಿ ಸರಾಸರಿ ಜವ ಕಂಡುಹಿಡಿಸಿದೆ. ಮೊದಲ ದಿನ ಆ ಹುಡುಗಿಗೆ ಸ್ಟಾಪ್‌ವಾಚ್ ಕೊಟ್ಟೆ. ಗುಂಪಿನ ಕೆಲಸದ ನಡುವೆಯೇ ಇರಬೇಕು, ಆದರೆ ಕಪ್ಪುಹಲಗೆಯ ಮುಂದೆ ನಿಲ್ಲಬೇಕಿಲ್ಲ. ಮೂರನೇ ದಿನ ಅವಳೇ ಅಂಕಿಗಳನ್ನು ಕೋಷ್ಟಕಕ್ಕೆ ಏರಿಸಿದಳು.

ಮೂರನೆಯದು, "ತಿಳೀತಾ?" ಎಂದು ಕೇಳುವುದನ್ನು ಬಿಟ್ಟೆ. ಬದಲಿಗೆ, "ಇವತ್ತು ಎಲ್ಲಿ ಬಿಟ್ಟುಹೋದಿರಿ? ಹೆಸರು ಬರಿಬ್ಯಾಡ್ರಿ" ಎಂದು ಚೀಟಿ ಬರೆಸಿದೆ. ಮೊದಲ ದಿನ 38 ಚೀಟಿಗಳಲ್ಲಿ 31ರಲ್ಲಿ 'ಎಲ್ಲಾ ತಿಳಿದಿದೆ' ಎಂದಿತ್ತು. ಮರುದಿನ ಉಳಿದ ಏಳು ಚೀಟಿಗಳಿಂದಲೇ ಪಾಠ ಶುರು ಮಾಡಿದೆ, ಯಾರನ್ನೂ ಬೈಯಲಿಲ್ಲ. ನಾಲ್ಕನೇ ದಿನಕ್ಕೆ 'ಎಲ್ಲಾ ತಿಳಿದಿದೆ' ಎಂಬ ಚೀಟಿಗಳು 12ಕ್ಕೆ ಇಳಿದವು. ಪಾಠ ಕೆಟ್ಟಿತೆಂದಲ್ಲ, ಖರೇ ಬರೆದರೆ ಏನೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಯೋಜಿಸಿದ ಪಾಠಗಳಲ್ಲಿ ಎರಡು ಉಳಿದವು, ವೇಗೋತ್ಕರ್ಷವನ್ನು ತರಗತಿ ಶಿಕ್ಷಕರೇ ಮುಗಿಸಬೇಕಾಯಿತು. "ಇದು ಆಗೇತ್ರಿ ಟೀಚರ್" ಎಂದು ಮುಂದಿನ ಬೆಂಚಿನ ಹುಡುಗನೊಬ್ಬ ಮುಖ ಸಿಂಡರಿಸಿದ. ಅವನ ದೂರು ನ್ಯಾಯವಾದದ್ದೇ. ಅವನಿಗೆ 36 ಮತ್ತು 38ರ ಲೆಕ್ಕ ಕೊಟ್ಟೆ, ಬಿಡಿಸಿ ಇನ್ನಿಬ್ಬರಿಗೆ ಹೇಳಿಕೊಟ್ಟ. ಆದರೆ ದಿನವೂ ಅವನಿಂದಲೇ ಹೇಳಿಸಲಿಲ್ಲ. ಹಿಂದಿನವರನ್ನು ಕರೆತರುವವನಿಗೂ ದಣಿವಾಗುತ್ತದೆ, ಸರದಿ ಬದಲಾಗಬೇಕು.

ಒಂದು ಕಡೆ ನನ್ನ ಈ ಹೋಲಿಕೆ ನಿಲ್ಲುವುದಿಲ್ಲ. ನಮ್ಮ ಸ್ಪರ್ಧೆಯಲ್ಲಿ ನಾಲ್ಕನೆಯವಳನ್ನು ಬಿಟ್ಟು ಹೋಗಲು ನಿಯಮವೇ ಅವಕಾಶ ಕೊಡುತ್ತದೆ. 38 ಮಕ್ಕಳ ತರಗತಿಯಲ್ಲಿ ಹಾಗೆ ಬಿಟ್ಟು ಹೋಗಬಹುದಾದ ಮಗು ಯಾರೂ ಇಲ್ಲ. ಎಲ್ಲರನ್ನೂ ಒಂದೇ ದಿನ ಗೆರೆ ದಾಟಿಸಲು ನನ್ನಿಂದ ಆಗಲಿಲ್ಲ ಎಂಬುದೂ ನಿಜ.

ಘಟಕ ಪರೀಕ್ಷೆಯಲ್ಲಿ ಆ ಹುಡುಗಿಗೆ 25ಕ್ಕೆ 12 ಬಂತು. ನಕ್ಷೆಯ ಪ್ರಶ್ನೆಯಲ್ಲಿ ಅಕ್ಷಗಳ ಹೆಸರು ಸರಿಯಿದ್ದವು, ಪಕ್ಕದವಳದ್ದೂ ಸರಿಯಿತ್ತು. ನನಗೆ ಅಂಕಕ್ಕಿಂತ ನೆನಪಿರುವುದು ಅದರ ಹಿಂದಿನ ವಾರದ ಒಂದು ಪಾಠ. ನಾನು ಮತ್ತೆ ಹಳೆಯ ಚಾಳಿಯಂತೆ ಹಲಗೆಯ ಮೇಲೆ ಬೇಗ ಬೇಗ ಲೆಕ್ಕ ಬಿಡಿಸುತ್ತಿದ್ದೆ. ಮೂರನೇ ಬೆಂಚಿನಿಂದ, "ಟೀಚರ್, ಸ್ವಲ್ಪ ನಿಧಾನ ರೀ" ಎಂದು ಅವಳ ದನಿ ಬಂತು. ಸೀಮೆಸುಣ್ಣ ನಿಲ್ಲಿಸಿ ತಿರುಗಿದೆ. ಅವಳು ಬರೆದುಕೊಳ್ಳುತ್ತಿದ್ದಳು. ಸುಮ್ಮನೆ ಕುಳಿತಿದ್ದ ಇನ್ನೂ ನಾಲ್ವರು ಪೆನ್ಸಿಲ್ ಕೈಗೆತ್ತಿಕೊಂಡರು.